ಎಂಟು ಡಬ್ಬಿ, ಮೂರು ಸೈಡಿಂಗು, ಐದಡಿ ಹಲಗೆ

ಇಂಗ್ಲೆಂಡಿನ ಆಲನ್ ರೈಟ್ 1970ರ ದಶಕದ ಕೊನೆಯಲ್ಲಿ ಕಟ್ಟಿದ ಪುಟ್ಟ ಮಾದರಿ ಯಾರ್ಡಿನಲ್ಲಿ ರೈಲು ಎಲ್ಲಿಗೂ ಹೋಗುವುದಿಲ್ಲ. ಸುರಂಗವಿಲ್ಲ, ಸೇತುವೆಯಿಲ್ಲ. ಇರುವುದು ಹಳಿ ಕವಲೊಡೆಯುವ ಎರಡು ಪಾಯಿಂಟು, ಮೂರು ಸೈಡಿಂಗು, ಒಂದು ಎಂಜಿನ್ನು, ಎಂಟು ಗೂಡ್ಸ್ ಡಬ್ಬಿ. ಒಂದು ಸೈಡಿಂಗು ಐದು ಡಬ್ಬಿ ಹಿಡಿಸುತ್ತದೆ, ಉಳಿದೆರಡು ಮೂರು ಮೂರು. ಎಂಜಿನ್ನು ಹಿಂದೆ ಮುಂದೆ ಆಡುವ ತುಂಡು ಹಳಿಯಲ್ಲಿ ಅದರ ಜೊತೆ ಮೂರೇ ಡಬ್ಬಿಗೆ ಜಾಗ. ಎಂಟು ಡಬ್ಬಿಗಳ ಹೆಸರಿನ ಚೀಟಿ ಕಲಸಿ ಐದನ್ನು ಎತ್ತಬೇಕು. ಚೀಟಿ ಬಂದ ಕ್ರಮದಲ್ಲೇ ಆ ಐದೂ ಉದ್ದದ ಸೈಡಿಂಗಿನಲ್ಲಿ ನಿಲ್ಲಬೇಕು. ಕೈಯಿಂದ ಎತ್ತಿಡುವಂತಿಲ್ಲ, ಎಂಜಿನ್ನೇ ಎಳೆಯಬೇಕು, ತಳ್ಳಬೇಕು.

ನೋಡುವುದಕ್ಕೆ ಸುಲಭ. ಆಡಲು ಕೂತರೆ ಬೇಕಾದ ಕಲ್ಲಿದ್ದಲ ಡಬ್ಬಿ ಇನ್ನೆರಡರ ಹಿಂದೆ ಸಿಕ್ಕಿಕೊಂಡಿರುತ್ತದೆ. ಅವೆರಡನ್ನು ಎಳೆದು ಪಕ್ಕದ ಹಳಿಗೆ ಬಿಡೋಣವೆಂದರೆ ಅಲ್ಲಿ ಒಂದಕ್ಕೇ ಜಾಗ. ಇನ್ನೊಂದನ್ನು ಕಟ್ಟಿಕೊಂಡೇ ತಿರುಗಬೇಕು, ಆಮೇಲೆ ಅದನ್ನು ಕಳಚಲು ಮತ್ತೊಂದು ದಾರಿ ಹುಡುಕಬೇಕು. ಎಂಟರಲ್ಲಿ ಐದನ್ನು ಸಾಲಾಗಿ ನಿಲ್ಲಿಸಲು 6,720 ಬಗೆಗಳಿವೆ. ಆಟ ಅಷ್ಟು ಬೇಗ ಹಳಸುವುದಿಲ್ಲ. ಅರಸೀಕೆರೆ, ಹುಬ್ಬಳ್ಳಿಯ ಯಾರ್ಡುಗಳಲ್ಲಿ ಶಂಟಿಂಗ್ ಸಿಬ್ಬಂದಿಯ ತಲೆನೋವೂ ಇದೇ ಜಾತಿಯದು. ರೈಟ್ ಇದಕ್ಕಿಟ್ಟ ಹೆಸರು 'ಇಂಗಲ್‌ನುಕ್ ಸೈಡಿಂಗ್ಸ್'. ಗಿಡ್ಡ ಡಬ್ಬಿಗಳನ್ನು ಆರಿಸಿಕೊಂಡರೆ ಐದಡಿ ಉದ್ದ, ಒಂದಡಿ ಅಗಲದ ಹಲಗೆ ಸಾಕು. ಬಾಡಿಗೆ ಮನೆಯ ಷೋಕೇಸಿನ ಮೇಲೂ ಕೂರುತ್ತದೆ.

ಮಾದರಿ ರೈಲಿನ ಹವ್ಯಾಸ ಶುರುಮಾಡುವವರು ಇಲ್ಲಿಂದ ಶುರುಮಾಡುವುದು ಲೇಸು. ಆದರೆ ಮಾಡುವುದಿಲ್ಲ. ಮೊದಲ ದಿನವೇ ಎಲ್ಲರ ಕಣ್ಣು ಸಕಲೇಶಪುರ–ಸುಬ್ರಹ್ಮಣ್ಯ ಘಾಟಿಯ ಮೇಲೆ. ಆ ದಾರಿಯ ಏರು 50ಕ್ಕೆ 1. ಮಾದರಿಯಲ್ಲೂ ಹೆಚ್ಚುಕಡಿಮೆ ಅದೇ ಏರು ಕ್ಷೇಮ. ಅದಕ್ಕಿಂತ ಕಡಿದಾದರೆ ಪುಟ್ಟ ಎಂಜಿನ್ನಿನ ಚಕ್ರ ಜಾರುತ್ತದೆ. ಒಂದು ಹಳಿ ಇನ್ನೊಂದರ ಮೇಲೆ ಹಾದುಹೋಗಲು ಏಳೂವರೆ ಸೆಂಟಿಮೀಟರ್ ಎತ್ತರ ಬೇಕೆಂದರೆ 3.75 ಮೀಟರ್ ದೂರ ಹತ್ತುತ್ತಲೇ ಇರಬೇಕು. ಅಂಗಡಿಯ ಪ್ಲೈವುಡ್ ಹಾಳೆ ಎಂಟಡಿಗೆ, ಅಂದರೆ 2.44 ಮೀಟರಿಗೆ ಮುಗಿಯುತ್ತದೆ. ಘಾಟಿ ಕಾಯಲಿ.

ಮನೆಯೊಳಗಿನ ರೈಲಿಗೆ ಅಳತೆಯ ಶಿಸ್ತು ತಂದದ್ದು ಜರ್ಮನಿಯ ಮಾರ್ಕ್ಲಿನ್ ಕಂಪನಿ. 1891ರಲ್ಲಿ ಅದು ಹಳಿಯ ಅಗಲಗಳನ್ನು ಕ್ರಮಬದ್ಧಗೊಳಿಸಿತು. ಈಗ ಹೆಚ್ಚು ಬಳಕೆಯಲ್ಲಿರುವುದು ಎಚ್‌ಒ, ಅಸಲಿಯ 87ರಲ್ಲಿ ಒಂದು ಪಾಲು. ಇನ್ನೂ ಚಿಕ್ಕದು ಬೇಕೆಂದರೆ 160ರಲ್ಲಿ ಒಂದು ಪಾಲಿನ ಎನ್ ಇದೆ.

ಭಾರತದ ಹವ್ಯಾಸಿಗೆ ತೊಡಕು ಇಲ್ಲೇ. ಎಚ್‌ಒ ಹಳಿಯ ಅಗಲ 16.5 ಮಿ.ಮೀ., ಅದು ಯುರೋಪ್, ಅಮೆರಿಕಗಳ 1,435 ಮಿ.ಮೀ. ಹಳಿಯ ಲೆಕ್ಕ. ನಮ್ಮ ಬ್ರಾಡ್ ಗೇಜ್ 1,676 ಮಿ.ಮೀ.; 87ರಿಂದ ಭಾಗಿಸಿದರೆ 19.3 ಬರುತ್ತದೆ. ನೀಲಿ ಬೋಗಿಗಳನ್ನು ಎಷ್ಟೇ ಶ್ರದ್ಧೆಯಿಂದ ಮಾಡಿದರೂ ಓಡುವುದು ಸಣಕಲು ಹಳಿಯ ಮೇಲೆ. ಆ ಮೂರು ಮಿಲಿಮೀಟರನ್ನು ಕಂಡೂ ಕಾಣದಂತಿರುವುದು ಇಲ್ಲಿನ ರೂಢಿ. ಎಂಜಿನ್ನಿನ ಮಟ್ಟಿಗೆ ಅಷ್ಟು ಕೊರತೆಯಿಲ್ಲ. ಡಬ್ಲ್ಯುಡಿಎಂ-2 ಡೀಸೆಲ್ ಎಂಜಿನ್ನು ಅಮೆರಿಕದ ಆಲ್ಕೊ ಕಂಪನಿಯ ವಿನ್ಯಾಸ, 1962ರಲ್ಲಿ ಬಂದದ್ದು. ಅಲ್ಲಿನ ಆಲ್ಕೊ ಮಾದರಿಯ ಅಡಿಗಾಡಿಯ ಮೇಲೆ ನಮ್ಮ ಎಂಜಿನ್ನಿನ ರಟ್ಟಿನ ಮೈ ಕೂರಿಸಬಹುದು.

ಕೆಲಸದ ಸಾಮಗ್ರಿ ಬಹುಪಾಲು ಪೇಟೆಯಲ್ಲೇ ಇದೆ. ಎಂ-ಸ್ಯಾಂಡ್ ಜರಡಿ ಹಿಡಿದು ನುಣ್ಣನೆಯದನ್ನು ಹಳಿಯ ನಡುವೆ ಹರಡಿದರೆ ಜಲ್ಲಿ. ನೀರು ಬೆರೆಸಿದ ಫೆವಿಕಾಲ್‌ಗೆ ಪಾತ್ರೆ ತೊಳೆಯುವ ದ್ರಾವಣದ ಒಂದು ತೊಟ್ಟು ಸೇರಿಸಿ ಬಿಟ್ಟರೆ ಅಂಟು ಒಳಗಿಳಿಯುತ್ತದೆ. ಹಳಿಯಲ್ಲಿ ಹರಿಯುವುದು ಬಹುತೇಕ 12 ವೋಲ್ಟಿನ ಡಿಸಿ. ಚಕ್ರದ ಮೂಲಕವೇ ಮೋಟರಿಗೆ ಕರೆಂಟು. ಹಾಗಾಗಿ ದೂಳೇ ವೈರಿ. ಐಸೊಪ್ರೊಪೈಲ್ ಆಲ್ಕೊಹಾಲ್ ಅದ್ದಿದ ಬಟ್ಟೆಯಿಂದ ಹಳಿ ಒರೆಸದಿದ್ದರೆ ಎಂಜಿನ್ನು ಮುಗ್ಗರಿಸುತ್ತದೆ. ಎಂಜಿನ್ನು, ಹಳಿ, ಪಾಯಿಂಟುಗಳು ಹೆಚ್ಚಾಗಿ ಹೊರದೇಶದಿಂದ ಬರಬೇಕು. ಖರ್ಚೆಲ್ಲ ಅಲ್ಲೇ.

ದೊಡ್ಡದಾಗಿ ಕಟ್ಟಿದರೆ ಹೇಗಿರುತ್ತದೆಂದು ನೋಡಬೇಕೆನ್ನುವವರು ಪುಣೆಗೆ ಹೋಗಬಹುದು. ಅಲ್ಲಿ ಭಾವುಸಾಹೇಬ್ ಜೋಶಿ ಕಟ್ಟಿದ ಕಿರು ರೈಲು ಸಂಗ್ರಹಾಲಯ 1998ರ ಏಪ್ರಿಲ್ 1ರಿಂದ ಸಾರ್ವಜನಿಕರಿಗೆ ತೆರೆದಿದೆ. ಒಬ್ಬ ಹವ್ಯಾಸಿಯ ಹಟ ಎಷ್ಟು ದೂರ ಹೋಗಬಲ್ಲದೆಂಬುದು ಅಲ್ಲಿ ಕಾಣುತ್ತದೆ.

ನಮ್ಮದೇ ಒಂದು ದಾರಿ ಮಾತ್ರ ಎಚ್‌ಒ ಲೆಕ್ಕಕ್ಕೆ ಹೇಳಿಮಾಡಿಸಿದಂತೆ ಹೊಂದುತ್ತದೆ. ಬಂಗಾರಪೇಟೆ, ಕೋಲಾರ, ಶ್ರೀನಿವಾಸಪುರ, ಚಿಂತಾಮಣಿ, ಶಿಡ್ಲಘಟ್ಟ, ಚಿಕ್ಕಬಳ್ಳಾಪುರಗಳನ್ನು ಬೆಸೆದಿದ್ದ ನ್ಯಾರೋ ಗೇಜ್ 762 ಮಿ.ಮೀ. ಅಗಲದ್ದು. 87ರಿಂದ ಭಾಗಿಸಿದರೆ 8.76. ಎನ್ ಮಾದರಿಯ ಹಳಿ 9 ಮಿ.ಮೀ., ಸಿದ್ಧವಾಗಿ ಸಿಗುತ್ತದೆ. ಎಂಜಿನ್ನು, ಡಬ್ಬಿಗಳ ಮೈಯನ್ನು ರಟ್ಟಿನಲ್ಲಿ ಕೈಯಾರೆ ಮಾಡಿಕೊಳ್ಳಬೇಕು, ಅಷ್ಟೆ. ಕೋಲಾರ–ಚಿಕ್ಕಬಳ್ಳಾಪುರ ಮಾರ್ಗದಲ್ಲಿ 2013ರಿಂದ ಓಡುತ್ತಿರುವುದು ಬ್ರಾಡ್ ಗೇಜ್. ಹಳೆಯ ಸ್ಟೇಷನ್ನುಗಳಲ್ಲಿ ಕೆಲಸ ಮಾಡಿದವರು, ಹತ್ತಿ ಇಳಿದವರು ಇನ್ನೂ ನಮ್ಮ ನಡುವೆ ಇದ್ದಾರೆ. ಅವರ ಮನೆಯಲ್ಲಿ ಒಂದು ಫೋಟೊ ಉಳಿದಿದ್ದರೆ, ಹಳಿ ಎಲ್ಲಿ ಕವಲೊಡೆಯುತ್ತಿತ್ತು, ಗೂಡ್ಸ್ ಶೆಡ್ ಯಾವ ಕಡೆಗಿತ್ತು ಎಂಬುದು ನೆನಪಿದ್ದರೆ, ದಯವಿಟ್ಟು ಒಂದು ಹಾಳೆಯ ಮೇಲೆ ಗೀಚಿಡಲಿ. ಮುಂದೆ ಕಟ್ಟುವವರಿಗೆ ಅದು ಬೇಕಾಗುತ್ತದೆ.