ಹಾಸ್ಟೆಲಿನಲ್ಲಿ ಜ್ವರ: ಬಚ್ಚಿಡುವುದೇಕೆ?

ಬಾಣಸವಾಡಿಯಿಂದ ಕಮ್ಮನಹಳ್ಳಿ, ಹೊರಮಾವು, ಹೆಣ್ಣೂರುಗಳವರೆಗೆ ಹಬ್ಬಿರುವ ಬೆಂಗಳೂರಿನ ಈ ಈಶಾನ್ಯ ಭಾಗವನ್ನು ವಿದ್ಯಾರ್ಥಿಗಳ ಊರು ಎಂದು ಕರೆದರೆ ತಪ್ಪಾಗಲಾರದು. ನರ್ಸಿಂಗ್, ಫಾರ್ಮಸಿ, ವಾಣಿಜ್ಯ, ಎಂಜಿನಿಯರಿಂಗ್ ಎಂದು ನಾನಾ ವಿದ್ಯೆಗಳನ್ನು ಅರಸಿ ಕೇರಳದಿಂದ, ಈಶಾನ್ಯ ರಾಜ್ಯಗಳಿಂದ, ಕೋಲಾರ, ಚಾಮರಾಜನಗರಗಳ ಕಡೆಯಿಂದ, ದೂರದ ಆಫ್ರಿಕದಿಂದಲೂ ಬಂದ ಯುವಜನರು ಇಲ್ಲಿನ ಹಾಸ್ಟೆಲುಗಳಲ್ಲಿ, ಪಿ.ಜಿ.ಗಳಲ್ಲಿ ನೆಲೆಸಿದ್ದಾರೆ. ಭಾನುವಾರದ ಬಲಿಪೂಜೆಯಲ್ಲಿ ಹಿಂದಿನ ಸಾಲುಗಳನ್ನು ತುಂಬುವವರು ಬಹುಮಟ್ಟಿಗೆ ಇವರೇ. 2020ರ ಮಾರ್ಚ್ 14ರಿಂದ ಕಾಲೇಜುಗಳನ್ನು ಮುಚ್ಚುವಂತೆ ರಾಜ್ಯ ಸರ್ಕಾರ ಆದೇಶಿಸಿದಾಗ ಈ ಬೀದಿಗಳು ಬರಿದಾದವು. ಅದೇ ವರ್ಷ ನವೆಂಬರ್ 17ರಂದು ಪದವಿ ಕಾಲೇಜುಗಳು ಮತ್ತೆ ತೆರೆದಾಗ ಮಕ್ಕಳು ಒಂದು ಕೈಯಲ್ಲಿ ಪೆಟ್ಟಿಗೆಯನ್ನೂ ಇನ್ನೊಂದು ಕೈಯಲ್ಲಿ ಕೋವಿಡ್ ಪರೀಕ್ಷೆಯ ವರದಿ ಮತ್ತು ಪೋಷಕರ ಒಪ್ಪಿಗೆ ಪತ್ರವನ್ನೂ ಹಿಡಿದು ಹಿಂದಿರುಗಿದರು.

ಸಾಂಕ್ರಾಮಿಕ ರೋಗದ ಕಾಲದಲ್ಲಿ ವಿದ್ಯಾರ್ಥಿಗಳು ಆರೋಗ್ಯ ಕಾಪಾಡಿಕೊಳ್ಳುವುದು ಹೇಗೆಂಬ ವಿಷಯವಾಗಿ ಆಗ ಬಂದ ಸಲಹೆಗಳಿಗೆ ಲೆಕ್ಕವಿಲ್ಲ. ಕೈ ತೊಳೆಯಿರಿ, ಮಾಸ್ಕ್ ಧರಿಸಿರಿ, ಅಂತರ ಕಾಯ್ದುಕೊಳ್ಳಿರಿ, ಚೆನ್ನಾಗಿ ಉಂಡು ಚೆನ್ನಾಗಿ ನಿದ್ರಿಸಿರಿ. ಇವೆಲ್ಲವೂ ಸತ್ಯವೇ. ಆದರೆ ಈ ಪಟ್ಟಿಗಳಲ್ಲಿ ಕಾಣದ ಒಂದು ಸಂಗತಿ ನಮ್ಮನ್ನು ಅಂದಿನಿಂದಲೂ ಕಾಡುತ್ತಿದೆ. ಕಾಲೇಜಿನ ಆವರಣದಲ್ಲಿ ರೋಗ ಹರಡಲು ವೈರಾಣು ಎಷ್ಟು ಕಾರಣವೋ ಮೌನವೂ ಅಷ್ಟೇ ಕಾರಣ. ಜ್ವರ ಬಂದ ಹುಡುಗ ಜ್ವರ ಬಂದಿದೆಯೆಂದು ಹೇಳುವುದಿಲ್ಲ.

2021ರ ಆರಂಭದ ದಿನಗಳಲ್ಲಿ ನರ್ಸಿಂಗ್ ಓದುತ್ತಿದ್ದ ಒಬ್ಬ ವಿದ್ಯಾರ್ಥಿನಿ ನಮ್ಮನ್ನು ಒಂದು ಪ್ರಶ್ನೆ ಕೇಳಿದಳು. ಅವಳ ಕಾಲೇಜಿನ ಗೇಟಿನಲ್ಲಿ ಪಿಸ್ತೂಲಿನಂಥ ಯಂತ್ರವನ್ನು ಹಣೆಗೆ ಹಿಡಿದು ಮೈಯ ಶಾಖ ಅಳೆಯುತ್ತಿದ್ದರು. ಮೈ ಬೆಚ್ಚಗಿದ್ದ ಗೆಳತಿಯರು ಬೆಳಿಗ್ಗೆ ಒಂದು ಡೋಲೋ ಮಾತ್ರೆ ನುಂಗಿ, ಬೆವರಿ, ಶಾಖ ಇಳಿದ ಮೇಲೆ ಗೇಟು ದಾಟುತ್ತಿದ್ದರು. "ಸ್ವಾಮಿ, ನಾವು ಯಾರಿಗೂ ಬಾಯಿಬಿಟ್ಟು ಸುಳ್ಳು ಹೇಳಿಲ್ಲ. ಆದರೂ ಇದು ಪಾಪವೇ?" ಎಂದಳು. ಹಾಗೇಕೆ ಮಾಡುತ್ತೀರಿ ಎಂದು ನಾವು ಮರುಪ್ರಶ್ನೆ ಹಾಕಿದಾಗ ಅವಳ ಬಳಿ ಉತ್ತರಗಳು ಸಿದ್ಧವಾಗಿದ್ದವು. ಹಾಜರಾತಿ ಕಡಿಮೆಯಾದರೆ ಪರೀಕ್ಷೆಗೆ ಕೂರಿಸುವುದಿಲ್ಲ. ಪಾಸಿಟಿವ್ ಎಂದು ತಿಳಿದರೆ ಕೋಣೆಯ ಆರು ಜನರನ್ನೂ ಕೂಡಿಹಾಕುತ್ತಾರೆ, ಆ ಐವರ ಸಿಟ್ಟು ತನ್ನ ಮೇಲೆ. ಊರಿನಲ್ಲಿ ಅಪ್ಪನಿಗೆ ಫೋನು ಹೋಗುತ್ತದೆ, ಅಪ್ಪ ಸಾಲ ಮಾಡಿ ಬಾಡಿಗೆ ಕಾರಿನಲ್ಲಿ ಬರುತ್ತಾನೆ.

ಸುಳ್ಳು ನಾಲಿಗೆಯಿಂದಷ್ಟೇ ಅಲ್ಲ, ಕೃತ್ಯದಿಂದಲೂ ಆಗಬಲ್ಲುದು ಎಂಬುದನ್ನು ನೀತಿಶಾಸ್ತ್ರ ಓದಿದವರೆಲ್ಲ ಬಲ್ಲರು. ಸಂತ ತೋಮಸ್ ಅಕ್ವಿನಾಸರು ಸತ್ಯನಿಷ್ಠೆಯನ್ನು ನ್ಯಾಯವೆಂಬ ಸದ್ಗುಣದ ಅಂಗವಾಗಿ ಎಣಿಸುತ್ತಾರೆ. ಮನುಷ್ಯರು ಒಬ್ಬರನ್ನೊಬ್ಬರು ನಂಬದೆ ಒಟ್ಟಿಗೆ ಬಾಳಲಾರರು. ಆದ್ದರಿಂದ ಸತ್ಯವು ನಾವು ನೆರೆಯವನಿಗೆ ತೀರಿಸಬೇಕಾದ ಒಂದು ಬಗೆಯ ಋಣ. ಆರು ಮಂಚಗಳ ಕೋಣೆಯಲ್ಲಿ ಮಲಗುವವಳಿಗೆ ಈ ಮಾತು ಅಕ್ಷರಶಃ ಅನ್ವಯಿಸುತ್ತದೆ. ಹೀಗೆಂದು ನಾವು ಆ ಮಗಳಿಗೆ ಹೇಳಿದೆವು. ಆದರೆ ನ್ಯಾಯದ ತಕ್ಕಡಿಗೆ ಎರಡು ತಟ್ಟೆಗಳುಂಟು. ಸತ್ಯ ಹೇಳಿದ್ದಕ್ಕೆ ಒಂದು ವರ್ಷದ ಓದನ್ನೇ ದಂಡ ತೆರಬೇಕಾಗುವುದಾದರೆ ಅಲ್ಲಿ ಸತ್ಯ ಹೇಳಲು ವೀರರೇ ಬೇಕು. ಹದಿನೆಂಟರ ಮಕ್ಕಳೆಲ್ಲ ವೀರರಾಗಿರುತ್ತಾರೆಂದು ನಂಬಿ ನಡೆಸುವ ಸಂಸ್ಥೆ ಸುರಕ್ಷಿತವಲ್ಲ. ಋಣ ಮಕ್ಕಳದ್ದು ಮಾತ್ರವಲ್ಲ, ಅವರನ್ನು ಸೇರಿಸಿಕೊಂಡವರದ್ದೂ ಹೌದು.

ಇದು ಹೊಸ ಸಮಸ್ಯೆಯೇನೂ ಅಲ್ಲ. 1898ರ ಆಗಸ್ಟ್ ತಿಂಗಳಲ್ಲಿ ಪ್ಲೇಗ್ ಮಾರಿ ಬೆಂಗಳೂರಿಗೆ ಕಾಲಿಟ್ಟಾಗ ಅಧಿಕಾರಿಗಳು ಮನೆಮನೆ ಶೋಧಿಸಿ ರೋಗಿಗಳನ್ನೂ ಅವರ ಮನೆಯವರನ್ನೂ ಊರಾಚೆಯ ಶಿಬಿರಗಳಿಗೆ ಸಾಗಿಸಿದರು. ಉದ್ದೇಶ ಒಳ್ಳೆಯದೇ. ಆದರೆ ಜನರು ರೋಗಕ್ಕಿಂತ ಶಿಬಿರಕ್ಕೇ ಹೆಚ್ಚು ಹೆದರಿದರು. ಕಾಯಿಲೆ ಬಿದ್ದವರನ್ನು ಮನೆಯೊಳಗೇ ಮರೆಮಾಡಿದರು. ಶ್ರೀರಂಗಪಟ್ಟಣದ ಪಕ್ಕದ ಗಂಜಾಂನಲ್ಲಿ ಅದೇ ವರ್ಷ ಈ ಕ್ರಮಗಳ ವಿರುದ್ಧ ಗಲಭೆಯೇ ಎದ್ದಿತು. ರೋಗವನ್ನು ಹುಡುಕುವವನು ದಂಡಿಸುವವನಂತೆ ಕಂಡಾಗ ರೋಗ ಅಡಗಿಕೊಳ್ಳುತ್ತದೆ, ಅಡಗಿದ ಕಡೆಯಲ್ಲೇ ಬೆಳೆಯುತ್ತದೆ.

ಅದೇ ಪ್ಲೇಗಿನಿಂದ ಬೆಂಗಳೂರು ಕಲಿತ ಇನ್ನೊಂದು ಪಾಠ ನಮಗೆ ತೀರ ಹತ್ತಿರದಲ್ಲಿದೆ. ದಂಡು ಪ್ರದೇಶದ ಇಕ್ಕಟ್ಟಾದ ಕೇರಿಗಳಿಂದ ಜನರನ್ನು ಹೊರತರಲೆಂದು 1910ರ ಹೊತ್ತಿಗೆ ಕಟ್ಟಿದ ಬಡಾವಣೆಯೇ ಫ್ರೇಜರ್ ಟೌನ್, ಈಗಿನ ಪುಲಕೇಶಿನಗರ. ಅಗಲವಾದ ರಸ್ತೆ, ಮನೆಯಿಂದ ಮನೆಗೆ ಬಿಟ್ಟ ಜಾಗ, ಗಾಳಿಬೆಳಕು ಆಡುವ ಕಿಟಕಿಗಳು, ಇಲಿ ನುಸುಳದ ನೆಲ. ಅಂದು ಹಿರಿಯರು ಕಿಟಕಿಯನ್ನು ಔಷಧಿಯಂತೆ ಪರಿಗಣಿಸಿದರು. ಇಂದು ಅಲ್ಲಿಂದ ಬಾಣಸವಾಡಿಯ ಕಡೆಗೆ ನಡೆದು ಬರುವವರು ನಾಲ್ಕಂತಸ್ತಿನ ಪಿ.ಜಿ. ಕಟ್ಟಡಗಳ ಪಕ್ಕದ ಓಣಿಗಳನ್ನು ಒಮ್ಮೆ ನೋಡಬೇಕು. ಒಂದು ಕಟ್ಟಡದ ಕಿಟಕಿ ತೆರೆದರೆ ಇನ್ನೊಂದರ ಗೋಡೆ ಕೈಗೆ ತಾಗುತ್ತದೆ! ಕೋವಿಡ್ ರೋಗವು ಮುಖ್ಯವಾಗಿ ಉಸಿರಿನೊಂದಿಗೆ ಗಾಳಿಯಲ್ಲಿ ಬೆರೆಯುವ ಅತಿ ಸಣ್ಣ ಕಣಗಳಿಂದ ಹರಡುತ್ತದೆಂಬುದು ಈಗ ಸ್ಪಷ್ಟ. ಮುಚ್ಚಿದ ಕೋಣೆಯಲ್ಲಿ ಮೇಲಿನ ಫ್ಯಾನು ಅದೇ ಗಾಳಿಯನ್ನು ತಿರುಗಿಸುತ್ತದೆಯೇ ಹೊರತು ಹೊಸ ಗಾಳಿಯನ್ನು ತರುವುದಿಲ್ಲ. ಸೊಳ್ಳೆಯ ಕಾಟದಿಂದ ಮಕ್ಕಳು ಸಂಜೆ ಐದಕ್ಕೇ ಕಿಟಕಿ ಮುಚ್ಚುತ್ತಾರೆ. ಕಿಟಕಿಗೊಂದು ಸೊಳ್ಳೆಜಾಲರಿ ಹಾಕಿಸಿದರೆ ಡೆಂಗಿಯನ್ನೂ ಕೋವಿಡ್ಡನ್ನೂ ಒಂದೇ ಖರ್ಚಿನಲ್ಲಿ ತಡೆಯಬಹುದು. ಮೇಜು, ಬಾಗಿಲ ಹಿಡಿಕೆಗಳಿಗೆ ದಿನವೂ ಔಷಧಿ ಸಿಂಪಡಿಸಿದ ಸಂಸ್ಥೆಗಳು ಆ ಹಣದಲ್ಲಿ ಊಟದ ಕೋಣೆಗೆ ಎರಡು ಎಕ್ಸಾಸ್ಟ್ ಫ್ಯಾನು ಹಾಕಿಸಿದ್ದರೆ ಹೆಚ್ಚು ಪ್ರಯೋಜನವಾಗುತ್ತಿತ್ತೆಂಬುದು ನಮ್ಮ ಅಭಿಪ್ರಾಯ. ಎಲ್ಲರೂ ಮಾಸ್ಕ್ ತೆಗೆದು, ಎದುರುಬದುರು ಕುಳಿತು, ಗಟ್ಟಿಯಾಗಿ ಮಾತನಾಡುವ ಸ್ಥಳ ಅದೊಂದೇ ತಾನೇ?

ಕರ್ನಾಟಕದ ಎರಡು ಘಟನೆಗಳನ್ನು ಇಲ್ಲಿ ನೆನೆಯಬೇಕು. 2021ರ ಫೆಬ್ರವರಿಯಲ್ಲಿ ನಮಗೆ ದೂರವಲ್ಲದ ಕಾವಲ್ ಭೈರಸಂದ್ರದ ಒಂದು ನರ್ಸಿಂಗ್ ಕಾಲೇಜಿನಲ್ಲಿ ಸುಮಾರು 40 ವಿದ್ಯಾರ್ಥಿಗಳಿಗೆ ಸೋಂಕು ಕಂಡುಬಂತು. ಅವರಲ್ಲಿ ಅನೇಕರು ಕೇರಳದಿಂದ ಹಿಂದಿರುಗಿದವರು. ಕೇರಳದಿಂದ ಬರುವವರು 72 ಗಂಟೆಗಳೊಳಗಿನ ನೆಗೆಟಿವ್ ವರದಿ ತರಬೇಕೆಂಬ ನಿಯಮ ಆಗ ಬಿಗಿಯಾಯಿತು. ಎರಡನೆಯದು ಅದೇ ವರ್ಷದ ನವೆಂಬರಿನದು. ಧಾರವಾಡದ ಎಸ್.ಡಿ.ಎಂ. ವೈದ್ಯಕೀಯ ಕಾಲೇಜಿನಲ್ಲಿ ಒಂದು ಸಮಾರಂಭ ನಡೆದ ಕೆಲವು ದಿನಗಳ ಬಳಿಕ 66 ಮಂದಿಗೆ ಸೋಂಕು ತಗುಲಿದ್ದು ತಿಳಿಯಿತು. ಪರೀಕ್ಷೆ ವಿಸ್ತರಿಸಿದಂತೆ ಕೆಲವೇ ದಿನಗಳಲ್ಲಿ ಆ ಸಂಖ್ಯೆ 281ಕ್ಕೆ ಏರಿತು. ಅವರಲ್ಲಿ ಬಹುಪಾಲು ಜನ ಲಸಿಕೆಯ ಎರಡೂ ಡೋಸ್ ಪಡೆದವರು, ಬಹುಪಾಲು ಜನರಿಗೆ ರೋಗಲಕ್ಷಣವೇ ಇರಲಿಲ್ಲ ಅಥವಾ ಅಲ್ಪವಾಗಿತ್ತು. ಹಾಗಾದರೆ ಲಸಿಕೆಯಿಂದ ಏನಾಯಿತು ಎಂದು ಅಂದು ಹಲವರು ನಮ್ಮನ್ನು ಕೇಳಿದರು. ಸೋಂಕಿನಿಂದ ಲಸಿಕೆ ಪೂರ್ತಿ ಕಾಪಾಡದು. ಉಸಿರುಗಟ್ಟುವ ಹಂತಕ್ಕೆ ಹೋಗದಂತೆ ಕಾಪಾಡುತ್ತದೆ. ಧಾರವಾಡ ತೋರಿಸಿದ್ದು ಅದನ್ನೇ.

ಆ ಘಟನೆಯಲ್ಲಿ ನಾವು ಗಮನಿಸುವುದು ಬೇರೊಂದನ್ನು. 281 ಎಂಬ ಅಂಕಿ ದೊಡ್ಡದಾಗಿ ಕಂಡದ್ದು ಲಕ್ಷಣವಿಲ್ಲದವರನ್ನೂ ಪರೀಕ್ಷೆಗೆ ಒಳಪಡಿಸಿದ್ದರಿಂದ. ಪರೀಕ್ಷೆಯನ್ನೇ ಮಾಡದ ಕಾಲೇಜಿನಲ್ಲಿ ಸೋಂಕು ಸದಾ ಸೊನ್ನೆ! ಪತ್ರಿಕೆಯಲ್ಲಿ ಹೆಸರು ಬಂದ ಸಂಸ್ಥೆಯಿಂದ ಮಗನನ್ನು ಬಿಡಿಸಿ ಹೆಸರು ಬಾರದ ಸಂಸ್ಥೆಗೆ ಸೇರಿಸಲು ಹವಣಿಸಿದ ತಂದೆತಾಯಿಗಳನ್ನು ನಾವು ಬಲ್ಲೆವು. ವಿದ್ಯಾರ್ಥಿ ಏಕೆ ಬಚ್ಚಿಡುತ್ತಾನೋ ಆಡಳಿತ ಮಂಡಳಿಯೂ ಅದಕ್ಕೇ ಬಚ್ಚಿಡುತ್ತದೆ: ಹೇಳಿದವನಿಗೇ ನಷ್ಟ. ಸತ್ಯ ಹೇಳಿದ ಸಂಸ್ಥೆಯನ್ನು ದೂರುವ ಪೋಷಕರು ತಮಗರಿವಿಲ್ಲದೆ ಮೌನಕ್ಕೆ ಬಹುಮಾನ ಕೊಡುತ್ತಿರುತ್ತಾರೆ.

ಮೌನವನ್ನು ಹೆಚ್ಚಿಸುವ ಇನ್ನೊಂದು ವಿಷವೆಂದರೆ ಹಣೆಪಟ್ಟಿ ಹಚ್ಚುವುದು. 2020ರ ಮಾರ್ಚ್ ಕೊನೆಯಲ್ಲಿ ಮೈಸೂರಿನ ಅಂಗಡಿಯೊಂದರಲ್ಲಿ ನಾಗಾಲ್ಯಾಂಡಿನ ಇಬ್ಬರು ಯುವಕರನ್ನು ಮುಖ ನೋಡಿಯೇ ಒಳಗೆ ಬಿಡದಿದ್ದುದು ವರದಿಯಾಯಿತು. ಅವರೂ ಈ ದೇಶದವರೇ. ನಮ್ಮ ಬೀದಿಗಳಲ್ಲಿಯೂ ಈಶಾನ್ಯದ ಮಕ್ಕಳನ್ನು ರೋಗದ ಹೆಸರಿಂದಲೇ ಕೂಗಿದವರಿದ್ದರು. ಮರುವರ್ಷ ಆ ಸರದಿ ಮಲಯಾಳಿ ಮಕ್ಕಳದಾಯಿತು. ಹೀಗೆ ಕರೆಸಿಕೊಂಡ ಹುಡುಗಿ ಕೆಮ್ಮು ಬಂದಾಗ ವಾರ್ಡನ್ ಬಳಿಗೆ ಹೋಗುವಳೇ?

ಮಂಗಳೂರಿನಲ್ಲಿ 1880ರಲ್ಲಿ ಆರಂಭವಾದ ಪ್ರಸಿದ್ಧ ಕಾಲೇಜಿಗೆ ಹೆಸರಾಗಿರುವ ಸಂತ ಅಲೋಶಿಯಸರು ಸ್ವತಃ ಕಾಲೇಜು ವಿದ್ಯಾರ್ಥಿಯಾಗಿದ್ದಾಗಲೇ ಸಾಂಕ್ರಾಮಿಕಕ್ಕೆ ಬಲಿಯಾದವರೆಂಬುದನ್ನು ಎಷ್ಟು ಜನ ನೆನೆಯುತ್ತಾರೋ! 1591ರಲ್ಲಿ ರೋಮ್ ನಗರದಲ್ಲಿ ಸಾಂಕ್ರಾಮಿಕ ಹಬ್ಬಿದಾಗ ಯೇಸುಸಭೆಯ ಈ ತರುಣ ರೋಗಿಗಳನ್ನು ಹೊತ್ತು ತಂದು ಶುಶ್ರೂಷೆ ಮಾಡಿ, ರೋಗ ತಗುಲಿ, 23ರ ವಯಸ್ಸಿನಲ್ಲಿ ಜೂನ್ 21ರಂದು ಮೃತಪಟ್ಟರು. ನಾವು ಉಪದೇಶಗಳಲ್ಲಿ ಇಷ್ಟನ್ನೇ ಹೇಳಿ ಮುಗಿಸುತ್ತೇವೆ. ಕಥೆಯ ಇನ್ನೊಂದು ಭಾಗವಿದೆ. ಯುವ ಸಹೋದರರು ಒಬ್ಬೊಬ್ಬರಾಗಿ ರೋಗಕ್ಕೆ ಬೀಳುತ್ತಿರುವುದನ್ನು ಕಂಡ ಮೇಲಧಿಕಾರಿಗಳು ಅಲೋಶಿಯಸರನ್ನು ಆ ಆಸ್ಪತ್ರೆಗೆ ಹೋಗದಂತೆ ತಡೆದರು; ಅವರು ಪಟ್ಟು ಹಿಡಿದಾಗ ಸಾಂಕ್ರಾಮಿಕ ರೋಗಿಗಳನ್ನು ಸೇರಿಸಿಕೊಳ್ಳದ ಬೇರೊಂದು ಆಸ್ಪತ್ರೆಯಲ್ಲಿ ಸೇವೆಗೆ ಅನುಮತಿ ಕೊಟ್ಟರು. ಅಲ್ಲಿಗೂ ಸೋಂಕಿತನೊಬ್ಬ ಬಂದಿದ್ದನು. ತಡೆದ ಹಿರಿಯರು ಅಲ್ಪವಿಶ್ವಾಸಿಗಳಾಗಿರಲಿಲ್ಲ. ತಮಗೆ ಒಪ್ಪಿಸಲ್ಪಟ್ಟ ಮಕ್ಕಳನ್ನು ಕಾಯುವುದು ಅವರ ಕರ್ತವ್ಯವಾಗಿತ್ತು. 2020–21ರಲ್ಲಿ ನಮ್ಮ ನರ್ಸಿಂಗ್ ವಿದ್ಯಾರ್ಥಿನಿಯರು ವಾರ್ಡುಗಳಲ್ಲಿ ದುಡಿದಾಗ ಚಪ್ಪಾಳೆ ತಟ್ಟುವುದರ ಜೊತೆಗೆ ಈ ಕಾಯುವ ಕರ್ತವ್ಯವೂ ನೆನಪಿರಬೇಕಿತ್ತು.

ಕೋವಿಡ್ಡಿನ ತುರ್ತುಸ್ಥಿತಿ ಮುಗಿಯಿತೆಂದು ವಿಶ್ವ ಆರೋಗ್ಯ ಸಂಸ್ಥೆ 2023ರ ಮೇ 5ರಂದು ಘೋಷಿಸಿತು. ಆದರೆ ಹಾಸ್ಟೆಲಿಗೆ ಜ್ವರ ಬರುವುದು ನಿಂತಿಲ್ಲ. ಇನ್‌ಫ್ಲುಯೆಂಜಾ, ಡೆಂಗಿ, ಕ್ಷಯಗಳು ಇದ್ದೇ ಇವೆ. ಮುಂದೆ ಇನ್ನೊಂದು ಮಹಾಮಾರಿ ಬಂದರೆ ಅದೂ ಮೊದಲು ಇದೇ ಆರು ಮಂಚಗಳ ಕೋಣೆಗೆ ಬರುತ್ತದೆ. ಆದ್ದರಿಂದ ಮಾಡಬೇಕಾದ ಕೆಲಸ ಈಗಲೇ ಮಾಡತಕ್ಕದ್ದು. ಪ್ರತಿ ಹಾಸ್ಟೆಲಿನಲ್ಲಿ ಪ್ರತ್ಯೇಕ ಶೌಚಾಲಯವಿರುವ, ಕಿಟಕಿ ತೆರೆಯಬಲ್ಲ ಒಂದು ಕೋಣೆಯನ್ನು ರೋಗಿಗಳಿಗಾಗಿ ಖಾಲಿ ಇಡಬೇಕು. ಅದನ್ನು ಹಳೆಯ ಬೆಂಚು ತುಂಬುವ ಉಗ್ರಾಣವಾಗಲು ಬಿಡಬಾರದು. ಅಲ್ಲಿ ಒಂದು ಥರ್ಮಾಮೀಟರು, ಒಂದು ಆಕ್ಸಿಮೀಟರು ಇರಲಿ. ಆಮ್ಲಜನಕದ ಮಟ್ಟ 94ಕ್ಕಿಂತ ಕೆಳಗಿಳಿದರೆ ಬೆಳಗಾಗುವವರೆಗೆ ಕಾಯದೆ ಆಸ್ಪತ್ರೆಗೆ ಒಯ್ಯುವ ಏರ್ಪಾಡಿರಲಿ. ಪಾಠ ತಪ್ಪಿದವನಿಗೆ ಟಿಪ್ಪಣಿ ತಲುಪಲಿ. ಎಲ್ಲಕ್ಕಿಂತ ಮಿಗಿಲಾಗಿ, ತಾನಾಗಿ ಬಂದು ಜ್ವರವೆಂದು ಹೇಳಿದವನ ಹಾಜರಾತಿಗೆ ಕತ್ತರಿ ಬೀಳದಿರಲಿ. ಶೇಕಡಾ 75ರ ನಿಯಮ ಸೋಮಾರಿಗಳಿಗಾಗಿ ಮಾಡಿದ್ದು, ರೋಗಿಗಳಿಗಾಗಿ ಅಲ್ಲ. ಇದರಲ್ಲಿ ಮೋಸ ನಡೆಯುವುದಿಲ್ಲವೇ? ನಡೆಯುತ್ತದೆ. ಇಬ್ಬರು ಹುಸಿ ಜ್ವರದವರು ಎರಡು ದಿನ ಮಲಗಿ ಸುಖಿಸುವುದು, ನಿಜ ಜ್ವರದವನೊಬ್ಬ ಅರವತ್ತು ಜನರ ತರಗತಿಯಲ್ಲಿ ಕುಳಿತು ಕೆಮ್ಮುವುದಕ್ಕಿಂತ ಲೇಸು.

ಒಂಟಿ ಕೋಣೆಯಲ್ಲಿ ಏಳು ದಿನ ಮಲಗಿದ ಹುಡುಗನಿಗೆ ಜ್ವರ ಇಳಿದ ಮೇಲೂ ಮನಸ್ಸು ಏಳದಿರಬಹುದು. ದಿನಕ್ಕೆರಡು ಸಲ ಒಬ್ಬನೇ ಗೆಳೆಯ ಬಾಗಿಲಾಚೆಯಿಂದ ಮಾತನಾಡಿಸಿದರೂ ಸಾಕು, ಬಹಳ ಆಗುತ್ತದೆ. ಅದಕ್ಕೂ ಮೀರಿದ ಕುಗ್ಗುವಿಕೆಗೆ ಸರ್ಕಾರದ 'ಟೆಲಿ ಮಾನಸ್' ಸಹಾಯವಾಣಿ 14416 ಇದೆ, ಕರೆಗೆ ಹಣವಿಲ್ಲ.

ಮನೆಯವರಿಗೂ ಒಂದು ಮಾತು. ರಾತ್ರಿ ಹತ್ತಕ್ಕೆ ಮಗಳು ಫೋನು ಮಾಡಿ "ಅಮ್ಮಾ, ಮೈ ಬಿಸಿ" ಎಂದಾಗ ಮೊದಲು ಬರುವ ಮಾತು "ಅಲ್ಲಿ ಇಲ್ಲಿ ಸುತ್ತಬೇಡ ಎಂದು ಹೇಳಿರಲಿಲ್ಲವೇ?" ಎಂಬುದಾಗದಿರಲಿ. ಹಾಗೆ ಎರಡು ಸಲ ಬೈಸಿಕೊಂಡವಳು ಮೂರನೆಯ ಸಲ ಫೋನು ಮಾಡುವುದಿಲ್ಲ. ಅವಳನ್ನು ಅದೇ ರಾತ್ರಿ ತುಂಬಿದ ಬಸ್ಸು ಹತ್ತಿಸಿ ಊರಿಗೆ ಕರೆಸಿಕೊಳ್ಳುವುದೂ ಬೇಡ. ದಾರಿಯುದ್ದಕ್ಕೂ ಜನರಿದ್ದಾರೆ, ಮನೆಯಲ್ಲಿ ಅಜ್ಜಿಯಿದ್ದಾಳೆ. ಪ್ರಯಾಣ ಮಾಡಬಲ್ಲ ಆರೋಗ್ಯವಂತರಾದ ದೊಡ್ಡವರೊಬ್ಬರು ಅವಳಿರುವಲ್ಲಿಗೇ ಹೋಗುವುದು ಉತ್ತಮ.

ಪ್ರತಿ ವರ್ಷ ಪ್ರವೇಶದ ತಿಂಗಳುಗಳಲ್ಲಿ ತಂದೆತಾಯಿಗಳು ಶಿಫಾರಸು ಪತ್ರಕ್ಕಾಗಿ ನಮ್ಮ ಬಳಿಗೆ ಬರುತ್ತಾರೆ. ಕಾಲೇಜಿನಲ್ಲಿ ಶುಲ್ಕವೆಷ್ಟು, ಕಂತುಗಳೆಷ್ಟು, ಓದಿದ ಮೇಲೆ ಕೆಲಸ ಸಿಕ್ಕೀತೇ, ವಾರಕ್ಕೆ ಎಷ್ಟು ಸಲ ಮಾಂಸದೂಟ ಎಂದೆಲ್ಲ ವಿಚಾರಿಸಿಕೊಂಡು ಬಂದಿರುತ್ತಾರೆ. ಇನ್ನು ಮೇಲೆ ಹಾಸ್ಟೆಲು ನೋಡಲು ಹೋದಾಗ ರೋಗಿಗಳ ಕೋಣೆ ಎಲ್ಲಿದೆಯೆಂದು ಕೇಳಿರಿ. ತೋರಿಸಿದರೆ ಅದರ ಕಿಟಕಿಯನ್ನು ನೀವೇ ಕೈಯಾರೆ ತೆರೆದು ನೋಡಿರಿ. ಜ್ವರದ ದಿನಗಳ ಹಾಜರಾತಿಯನ್ನು ಹೇಗೆ ಬರೆಯುತ್ತಾರೆಂದು ಕಚೇರಿಯಲ್ಲಿ ಕೇಳಿರಿ, ಸಾಧ್ಯವಾದರೆ ಲಿಖಿತವಾಗಿ ಪಡೆಯಿರಿ. ರಾತ್ರಿ ಎರಡು ಗಂಟೆಗೆ ಆ ಕೋಣೆಯ ಬೀಗದ ಕೈ ಯಾರ ಬಳಿ ಇರುತ್ತದೆ ಎಂಬುದನ್ನೂ ತಪ್ಪದೆ ಕೇಳಿರಿ.