ಎಲ್ಲಾ ಕೆಪಾಸಿಟರ್‌ಗೂ ವಯಸ್ಸಾಗುವುದಿಲ್ಲ!

ಸೊರಬದಲ್ಲಿ ನನ್ನ ಚಿಕ್ಕಪ್ಪ ಮೈಕ್‌ಸೆಟ್ ಬಾಡಿಗೆಗೆ ಕೊಡುತ್ತಾರೆ. ಮದುವೆ, ಗಣಪತಿ ಹಬ್ಬ, ಯಕ್ಷಗಾನ ಎಲ್ಲಕ್ಕೂ ಮೂವತ್ತು ವರ್ಷ ಹಳೆಯ ಅದೇ ಆಂಪ್ಲಿಫೈಯರ್. ಕಳೆದ ರಜೆಯಲ್ಲಿ ಊರಿಗೆ ಹೋದಾಗ ಅದು ಹಾಡಿಗಿಂತ ಜೋರಾಗಿ ‘ಗುಂಯ್’ ಎನ್ನುತ್ತಿತ್ತು. ‘ಇಂಜಿನಿಯರಿಂಗ್ ಓದ್ತೀಯಲ್ಲ, ಎಂತ ಆಗಿದೆ ನೋಡು ಮಾರಾಯ. ಭಾನುವಾರ ಮದುವೆ ಆರ್ಡರ್ ಇದೆ’ ಎಂದರು ಚಿಕ್ಕಪ್ಪ. ನಾನು ಎಲೆಕ್ಟ್ರಾನಿಕ್ಸ್ ಐದನೇ ಸೆಮಿಸ್ಟರ್. ಆಗುವುದಿಲ್ಲ ಎನ್ನುವುದು ಹೇಗೆ?

ಕಾರಣವೇನೋ ತಕ್ಷಣ ಹೊಳೆಯಿತು. ನಮ್ಮ ಮನೆಗೆ ಬರುವ ಕರೆಂಟು 50 ಹರ್ಟ್ಸ್. ರೆಕ್ಟಿಫೈಯರ್ ಅದನ್ನು ಡಿಸಿ ಮಾಡಿದಾಗ ಸೆಕೆಂಡಿಗೆ 100 ಏರಿಳಿತ ಉಳಿದುಕೊಳ್ಳುತ್ತದೆ. ಅದನ್ನು ಸಮ ಮಾಡುವುದು ದೊಡ್ಡ ಫಿಲ್ಟರ್ ಕೆಪಾಸಿಟರ್‌ನ ಕೆಲಸ. ಅದು ಸೋತರೆ ಆ ಏರಿಳಿತವೇ ಸ್ಪೀಕರ್‌ನಲ್ಲಿ ‘ಗುಂಯ್’ ಎಂದು ಕೇಳಿಸುತ್ತದೆ.

ಅಷ್ಟಕ್ಕೇ ನಿಲ್ಲಿಸಿದ್ದರೆ ಚೆನ್ನಾಗಿತ್ತು. ಹಳೆಯ ಸೆಟ್ ಎಂದರೆ ಕೆಪಾಸಿಟರ್ ಪೂರ್ತಿ ಬದಲಿಸಬೇಕು ಎಂದು ಯಾವುದೋ ವಿಡಿಯೊದಲ್ಲಿ ನೋಡಿದ್ದೆ. ಶುಕ್ರವಾರ ರಾತ್ರಿ ಸಾಲ್ಡರಿಂಗ್ ಐರನ್ ಹಿಡಿದು ಕೂತೆ. ಪುಟ್ಟದೊಂದು ಹಳದಿ ಕೆಪಾಸಿಟರ್ ಕೀಳುವಾಗ ಬೋರ್ಡಿನ ತಾಮ್ರದ ಪಟ್ಟಿಯೂ ಎದ್ದು ಬಂತು. ಆಮೇಲೆ ಆನ್ ಮಾಡಿದರೆ ‘ಗುಂಯ್’ ಕೂಡ ಇಲ್ಲ! ಚಿಕ್ಕಪ್ಪ ಬೈಯಲಿಲ್ಲ. ‘ಅಡ್ವಾನ್ಸ್ ವಾಪಸ್ ಕೊಡಬೇಕೇನೋ’ ಎಂದರಷ್ಟೆ. ಬೈದಿದ್ದರೇ ವಾಸಿಯಿತ್ತು.

ಶನಿವಾರ ಬೆಳಗಿನ ಬಸ್ಸಿನಲ್ಲಿ ಆಂಪ್ಲಿಫೈಯರನ್ನು ತೊಡೆಯ ಮೇಲಿಟ್ಟುಕೊಂಡು ಶಿರಾಳಕೊಪ್ಪ ದಾಟಿ ಶಿಕಾರಿಪುರಕ್ಕೆ ಹೋದೆ. ರೇಡಿಯೊ ಕಾಲದಿಂದ ರಿಪೇರಿ ಮಾಡುತ್ತಿರುವ ಹಿರಿಯರೊಬ್ಬರು ಅಲ್ಲಿದ್ದಾರೆ. ಅವರು ಮೊದಲು ರೆಸಿಸ್ಟರ್ ತಾಗಿಸಿ ದೊಡ್ಡ ಕೆಪಾಸಿಟರ್‌ನಲ್ಲಿ ಉಳಿದಿದ್ದ ಚಾರ್ಜ್ ಇಳಿಸಿದರು. ಆಮೇಲೆ ಕೇಳಿದ್ದು ಒಂದೇ ಪ್ರಶ್ನೆ: ‘ಕೀಳೋ ಮೊದ್ಲು ಅಳತೆ ಮಾಡಿದ್ಯೇನಪ್ಪ?’

ಮಾಡಿರಲಿಲ್ಲ. ಅವರು ಅಳೆದರು. ಮೈಮೇಲೆ 4,700 ಮೈಕ್ರೊಫ್ಯಾರಡ್ ಎಂದು ಬರೆದಿದ್ದ ಫಿಲ್ಟರ್ ಕೆಪಾಸಿಟರ್ 1,600 ತೋರಿಸಿತು. ನಾನು ಕಿತ್ತುಹಾಕಿದ್ದ ಹಳದಿಯದ್ದು ಹೊಸದರಂತೆ ಸರಿಯಾಗಿತ್ತು.

ಅಂದು ಅವರ ಪಕ್ಕ ಕೂತು ಕಲಿತದ್ದಿಷ್ಟು. ಎಲೆಕ್ಟ್ರೊಲಿಟಿಕ್ ಕೆಪಾಸಿಟರ್ ಒಳಗೆ ಅಲ್ಯೂಮಿನಿಯಂ ಹಾಳೆಗಳ ನಡುವೆ ದ್ರವದಲ್ಲಿ ನೆನೆದ ಕಾಗದ ಇರುತ್ತದೆ. ವರ್ಷ ಕಳೆದಂತೆ ಅದು ಒಣಗುತ್ತದೆ. ಬಿಸಿ 10 ಡಿಗ್ರಿ ಏರಿದರೆ ಆಯುಷ್ಯ ಹೆಚ್ಚುಕಡಿಮೆ ಅರ್ಧ. ಹಾಗಾಗಿ ಹೀಟ್‌ಸಿಂಕ್ ಪಕ್ಕದವನ್ನು ಮೊದಲು ಅನುಮಾನಿಸಬೇಕು. ತಲೆ ಉಬ್ಬಿದ್ದರೆ, ಬುಡ ಸೋರಿದ್ದರೆ ಅಳೆಯುವ ಅಗತ್ಯವೇ ಇಲ್ಲ, ತೆಗೆಯುವುದೇ. ಪಾಲಿಯೆಸ್ಟರ್, ಸೆರಾಮಿಕ್, ಮೈಕಾ ಕೆಪಾಸಿಟರ್‌ಗಳಲ್ಲಿ ಒಣಗುವ ದ್ರವವಿಲ್ಲ, ಸುಮ್ಮನೆ ಮುಟ್ಟಬಾರದು. ವಾಲ್ವ್ ರೇಡಿಯೊಗಳ ಕಾಗದದ ಕೆಪಾಸಿಟರ್ ಮಾತ್ರ ಬೇರೆ. ಅವು ಲೀಕ್ ಆಗಿ ಡಿಸಿ ಮುಂದಕ್ಕೆ ಹರಿದರೆ ದುಬಾರಿ ವಾಲ್ವ್ ಹಾಳು. ಅವನ್ನು ಬದಲಿಸಿಯೇ ಆನ್ ಮಾಡುವುದು ಕ್ಷೇಮ.

ಹೊಸದು ಹಾಕುವಾಗ ಮೈಕ್ರೊಫ್ಯಾರಡ್ ಅಷ್ಟೇ ಇರಲಿ, ವೋಲ್ಟೇಜ್ ಅಷ್ಟೇ ಅಥವಾ ಹೆಚ್ಚಿರಲಿ, 105 ಡಿಗ್ರಿಯದು ಸಿಕ್ಕರೆ ಒಳ್ಳೆಯದು. ಪ್ಲಸ್ ಮೈನಸ್ ಅದಲುಬದಲಾದರೆ ಸಿಡಿಯಬಹುದು. ವರ್ಷಗಟ್ಟಲೆ ಅಟ್ಟದಲ್ಲಿದ್ದ ಸೆಟ್ಟನ್ನು ನೇರವಾಗಿ ಪ್ಲಗ್‌ಗೆ ಹಾಕದೆ, ಸರಣಿಯಲ್ಲಿ ಹಳೆಯ ಕಾಲದ ಬಲ್ಬೊಂದನ್ನು ಸೇರಿಸಿ ಪರೀಕ್ಷಿಸಬೇಕು. ಬಲ್ಬ್ ಮಿನುಗಿ ಮಂಕಾದರೆ ಸರಿ. ಪ್ರಖರವಾಗಿಯೇ ಉರಿಯುತ್ತಿದ್ದರೆ ಒಳಗೆ ಎಲ್ಲೋ ಶಾರ್ಟ್.

ಕೊನೆಗೆ ಬದಲಾದದ್ದು ನಾಲ್ಕೇ ಕೆಪಾಸಿಟರ್. ಕಿತ್ತುಹೋದ ತಾಮ್ರದ ಪಟ್ಟಿಯ ಜಾಗಕ್ಕೆ ಅವರು ನನ್ನ ಕೈಯಲ್ಲೇ ಸಣ್ಣ ತಂತಿ ಬೆಸೆಸಿದರು.

ಭಾನುವಾರ ಮಂಟಪದ ಹಿಂದೆ ಸ್ಪೀಕರ್‌ಗೆ ಕಿವಿಗೊಟ್ಟು ನಿಂತಿದ್ದೆ. ವಾಲಗದ ನಡುವಿನ ಮೌನದಲ್ಲಿ ‘ಗುಂಯ್’ ಇರಲಿಲ್ಲ. ಚಿಕ್ಕಪ್ಪ ದೂರದಿಂದಲೇ ಊಟಕ್ಕೆ ಬಾ ಎಂದು ಕೈಸನ್ನೆ ಮಾಡಿದರು.

ಕಾಲೇಜಿಗೆ ಮರಳಿದವನು ಮೊದಲು ಲ್ಯಾಬ್‌ನ ಎಲ್‌ಸಿಆರ್ ಮೀಟರ್ ಬಳಸುವುದನ್ನು ಸರಿಯಾಗಿ ಕಲಿತೆ. ಮುಂದೆ ಸಂದರ್ಶನದಲ್ಲಿ ಯಾರಾದರೂ ಕೆಪಾಸಿಟರ್ ಬಗ್ಗೆ ಕೇಳಿದರೆ ಸೂತ್ರಕ್ಕೂ ಮೊದಲು ಆ ತಂತಿಯ ಕಥೆ ಹೇಳಬೇಕೆಂದಿದ್ದೇನೆ.