ಪಾಲಿಹೌಸ್ ಗಾಳಿಗೆ ಯಾಕೆ ಕಿತ್ತು ಹೋಗುತ್ತೆ? ಕಟ್ಟಿಸುವ ಮುಂಚೆ ತಿಳಿಯಬೇಕಾದ ಲೆಕ್ಕ



ಮೂರು ವರ್ಷದ ಹಿಂದೆ, ಭರಣಿ ಮಳೆ ಸಮಯದಲ್ಲಿ, ಹೆಸರಘಟ್ಟದ ನಮ್ಮ ತೋಟದ ಐದು ಗುಂಟೆ ಪಾಲಿಹೌಸ್ ಹೋಯ್ತು. ಗುಡುಗಿನ ಜೊತೆ ಬಂದ ಗಾಳಿ ಹತ್ತು ನಿಮಿಷವೂ ಬೀಸಲಿಲ್ಲ. ಕರ್ಟನ್ ಮುಚ್ಚೋಕೆ ಒಳಗೆ ಹೋಗಿದ್ದ ನನ್ನ ತಮ್ಮ ಈಚೆ ಬಂದ ಎರಡೇ ನಿಮಿಷಕ್ಕೆ ಒಂದು ಸಾಲು ಕಂಬ ಪಾಯದ ಸಮೇತ ಮೇಲೆದ್ದಿತು. ಬೆಳೆ ಹೋಯ್ತು, ಸಾಲ ಉಳೀತು.

ಮಾರನೇ ದಿನ ನೋಡಿದ್ರೆ ಕಂಬದ ಪೈಪು ಒಂದೂ ತುಂಡಾಗಿರಲಿಲ್ಲ. ಕಿತ್ತ ಮೂಲಂಗಿ ಥರ ಕಾಂಕ್ರೀಟ್ ಗಟ್ಟಿಗಳು ಮಣ್ಣಿಂದ ಈಚೆ ಬಂದಿದ್ದವು. ಬೆಳೆ ಬಗ್ಗೆ ಕೇಳೋಕೆ ಪಕ್ಕದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಗೆ ಹತ್ತು ಸಲ ಹೋಗಿದ್ದ ನಾನು, ಪಾಯದ ಬಗ್ಗೆ ಯಾರನ್ನೂ ಒಂದು ಸಲ ಕೇಳಿರಲಿಲ್ಲ. ಆಮೇಲೆ ಕಲಿತದ್ದನ್ನು ಇಲ್ಲಿ ಹೇಳ್ತೀನಿ.

1. ಭಾರಕ್ಕೊಂದು ದಾರಿ ಬೇಕು

ಮನೆ ಆಗಲಿ, ಶೆಡ್ ಆಗಲಿ, ಅದರ ಮೇಲೆ ಬೀಳುವ ಭಾರವೆಲ್ಲ ಕೊನೆಗೆ ಮಣ್ಣಿಗೆ ಸೇರಬೇಕು. ಪಾಲಿಹೌಸ್‌ನಲ್ಲಿ ಹಾಳೆಯಿಂದ ಕಮಾನಿಗೆ, ಕಮಾನಿಂದ ಕಂಬಕ್ಕೆ, ಕಂಬದಿಂದ ಪಾಯಕ್ಕೆ, ಪಾಯದಿಂದ ಮಣ್ಣಿಗೆ. ಈ ದಾರಿಯಲ್ಲಿ ಒಂದು ಬೋಲ್ಟ್ ಸಡಿಲ ಇದ್ದರೂ ಅಲ್ಲೇ ಕೈ ಕೊಡುತ್ತೆ. ಶೆಡ್ ಮೇಲೆ 1000 ಲೀಟರ್ ಟ್ಯಾಂಕ್ ಇಟ್ಟರೆ ನೀರೇ ಒಂದು ಟನ್. ಸಾವಿರ ಸೌತೆ ಬಳ್ಳಿಯನ್ನ ಮೇಲಿನ ಪೈಪಿಗೆ ಕಟ್ಟಿ, ಒಂದೊಂದೂ 3 ಕೆಜಿ ತೂಗಿದರೆ 3 ಟನ್. ಬಳ್ಳಿ ಬೆಳೆ ಹಾಕ್ತೀರಾದ್ರೆ ಮೊದಲೇ ಹೇಳಿ.

2. ಗಾಳಿ ಮೇಲಕ್ಕೆ ಎತ್ತುತ್ತೆ

ಕಮಾನು ಚಾವಣಿ ಮೇಲೆ ಗಾಳಿ ಜೋರಾಗಿ ಹೋದಾಗ ಅಲ್ಲಿ ಒತ್ತಡ ಕಡಿಮೆಯಾಗಿ ಹಾಳೆಯನ್ನ ಮೇಲಕ್ಕೆ ಎಳೆಯುತ್ತೆ. ಗಾಳಿ ಬರೋ ಕಡೆ ಬಾಗಿಲು ಅಥವಾ ಕರ್ಟನ್ ತೆರೆದಿದ್ದರೆ ಒಳಗಿಂದಲೂ ತಳ್ಳುತ್ತೆ. ಎರಡೂ ಸೇರಿದಾಗಲೇ ಅಪಾಯ.

ಗಂಟೆಗೆ 60 ಕಿ.ಮೀ. ಗಾಳಿಯ ಒತ್ತಡ ಒಂದು ಚದರ ಮೀಟರಿಗೆ ಸುಮಾರು 17 ಕೆಜಿ. ವೇಗ ಎರಡು ಪಟ್ಟಾದರೆ ಒತ್ತಡ ನಾಲ್ಕು ಪಟ್ಟು, ಅಂದ್ರೆ 120 ಕಿ.ಮೀ.ಗೆ 68 ಕೆಜಿ. ಬೆಂಗಳೂರಿನಲ್ಲಿ ಕಟ್ಟಡ ವಿನ್ಯಾಸಕ್ಕೆ ಭಾರತೀಯ ಮಾನಕ ಕೊಟ್ಟಿರುವ ಮೂಲ ವೇಗ ಸೆಕೆಂಡಿಗೆ 33 ಮೀಟರ್, ಗಂಟೆಗೆ ಹೆಚ್ಚುಕಡಿಮೆ 119 ಕಿ.ಮೀ.

ಕಂಬಗಳು 4 ಮೀಟರ್ ಮತ್ತು 8 ಮೀಟರ್ ಅಂತರದಲ್ಲಿದ್ದರೆ ಒಂದು ಕಂಬದ ಪಾಲಿಗೆ 32 ಚದರ ಮೀಟರ್ ಚಾವಣಿ. 60 ಕಿ.ಮೀ. ಗಾಳಿಗೇ 500 ಕೆಜಿ ಮೀರಿ ಎಳೆತ ಬರಬಹುದು. ಚಾವಣಿ ಆಕಾರ ನೋಡಿ ಇದು ಹೆಚ್ಚುಕಡಿಮೆ ಆಗುತ್ತೆ. ನಮ್ಮ ಪಾಯ ಒಂದು ಅಡಿ ಅಗಲ, ಒಂದು ಅಡಿ ಉದ್ದ, ಎರಡು ಅಡಿ ಆಳ. ಅಷ್ಟು ಕಾಂಕ್ರೀಟ್ ತೂಕ ಬರೀ 135 ಕೆಜಿ! ಉಳಿದದ್ದನ್ನ ಮಣ್ಣು ಹಿಡೀಬೇಕು. ಮಳೆಗೆ ನೆನೆದ ಸಡಿಲ ಮಣ್ಣಿಗೆ ಆ ಹಿಡಿತ ಇರಲ್ಲ. ಅದಕ್ಕೇ ಗುಂಡಿ ಆಳ ಇರಬೇಕು, ತಳ ಅಗಲ ಇರಬೇಕು, ಪೈಪಿನ ಬುಡಕ್ಕೆ ಅಡ್ಡ ಕಬ್ಬಿಣ ಹಾಕಿರಬೇಕು.

3. ತ್ರಿಕೋನ ಅಲ್ಲಾಡಲ್ಲ

ನಾಲ್ಕು ಕಡ್ಡಿ ತಗೊಂಡು ಮೂಲೆಗಳಲ್ಲಿ ದಾರ ಕಟ್ಟಿ ಚೌಕ ಮಾಡಿ. ಒಂದು ಮೂಲೆ ತಳ್ಳಿದರೆ ವಾಲುತ್ತೆ. ಮೂಲೆಯಿಂದ ಮೂಲೆಗೆ ಇನ್ನೊಂದು ಕಡ್ಡಿ ಕಟ್ಟಿ, ವಾಲಲ್ಲ. ಪಾಲಿಹೌಸ್‌ನ ಓರೆ ಪೈಪುಗಳ ಕೆಲಸ ಇದೇ. ಟ್ರಾಕ್ಟರ್‌ಗೆ ಅಡ್ಡ ಅಂತ ಅದನ್ನ ಬಿಚ್ಚಿಸಬೇಡಿ. ಆ ತಪ್ಪು ನಾನೂ ಮಾಡಿದ್ದೆ.

4. ದ್ರಾಕ್ಷಿ ಚಪ್ಪರ ನೋಡಿ

ನಮ್ಮ ಕಡೆ ಬೆಂಗಳೂರು ಬ್ಲೂ ದ್ರಾಕ್ಷಿ ಚಪ್ಪರದಲ್ಲಿ ಈ ಪಾಠ ಮೊದಲಿಂದ ಇದೆ. ಕಲ್ಲುಕಂಬ ಮೇಲಿನ ಭಾರ ಎಷ್ಟಾದರೂ ಹೊರುತ್ತೆ, ಪಕ್ಕಕ್ಕೆ ಬಗ್ಗಿಸಿದರೆ ಮುರಿಯುತ್ತೆ. ತಂತಿ ಎಳೆತ ತಡೆಯುತ್ತೆ, ಭಾರ ಹೊರಲ್ಲ. ಅದಕ್ಕೇ ಅಂಚಿನ ಕಂಬದಿಂದ ಹೊರಗಡೆಗೆ ಸ್ಟೇ ತಂತಿ ಎಳೆದು, ನೆಲದಲ್ಲಿ ಹೂತ ಕಲ್ಲಿಗೆ ಬಿಗೀತಾರೆ. ಯಾವುದಕ್ಕೆ ಯಾವ ಕೆಲಸ ಅನ್ನೋದು ಅಲ್ಲೇ ಇದೆ.

ಕಟ್ಟಿಸುವಾಗ ಇಷ್ಟು ಮಾಡಿ

• ವಿನ್ಯಾಸಕ್ಕೆ ಎಷ್ಟು ಗಾಳಿ ವೇಗ ಹಿಡಿದಿದ್ದಾರೆ ಅಂತ ಕೇಳಿ, ಕರಾರಿನಲ್ಲಿ ಬರೆಸಿ. ಲೆಕ್ಕವನ್ನ ಸ್ಟ್ರಕ್ಚರಲ್ ಎಂಜಿನಿಯರ್ ಒಬ್ಬರಿಗೆ ತೋರಿಸಿ.
• ಕಾಂಕ್ರೀಟ್ ಸುರಿಯುವ ಮುಂಚೆ ಪ್ರತಿ ಗುಂಡಿಗೂ ಟೇಪ್ ಇಟ್ಟು ಮೊಬೈಲಲ್ಲಿ ಫೋಟೋ ತೆಗೀರಿ.
• ಮೇಲಿನ ಗಾಳಿಕಿಂಡಿ ನಿಮ್ಮ ಕಡೆ ಹೆಚ್ಚು ಗಾಳಿ ಬರುವ ದಿಕ್ಕಿಗೆ ಬೆನ್ನು ಮಾಡಿರಲಿ.
• ಯುಗಾದಿ ಹೊತ್ತಿಗೆ ಒಂದು ಸಲ, ಆಷಾಢದ ಗಾಳಿಗೆ ಮುಂಚೆ ಇನ್ನೊಂದು ಸಲ ಎಲ್ಲ ನಟ್ಟು ಬೋಲ್ಟು ಬಿಗಿ ಮಾಡಿ.
• ಮೋಡ ಕಟ್ಟಿದಾಗಲೇ ಕರ್ಟನ್, ಬಾಗಿಲು ಮುಚ್ಚಿ. ಗಾಳಿ ಶುರುವಾದ ಮೇಲೆ ಯಾರೂ ಒಳಗೆ ಇರಬಾರದು. ಹಾಳೆ ಹರಿದರೆ ಹರೀಲಿ.

ಈಗಿನ ನಮ್ಮ ಪಾಲಿಹೌಸ್ ಬರೀ ಎರಡು ಗುಂಟೆ. ಪಾಯಕ್ಕೆ ಮೊದಲಿಗಿಂತ ಜಾಸ್ತಿ ದುಡ್ಡು ಹೋಯ್ತು. ಮಣ್ಣೊಳಗೆ ಹೋದ ದುಡ್ಡು ಕಣ್ಣಿಗೆ ಕಾಣಲ್ಲ. ಆದರೆ ಭರಣಿ ಮಳೆ ಗುಡುಗಿದಾಗ ತಮ್ಮನೂ ನಾನೂ ಮನೆ ಜಗಲಿ ಮೇಲೇ ಕೂತಿರ್ತೀವಿ.